ಹಿತ್ತಲಿನ ಈಜುಕೊಳ, ಮಾಳಿಗೆಯ ಮಂದಿ

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಊಟಕ್ಕೆ ಕೂತವನು ನಡುವೆ ಎದ್ದು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡುತ್ತೇನೆ. ಶಹಾಬಾದಿನ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ; ಹುಡುಗರು ಮಡಕೆಯ ಚಿತ್ರ ಅರ್ಧ ಬರೆಯುವಷ್ಟರಲ್ಲಿ ಮೇಜಿನ ಮೇಲಿನ ಮಡಕೆಯನ್ನೇ ಬೇರೆ ಕಡೆ ತಿರುಗಿಸಿಟ್ಟಿರುತ್ತೇನೆ. ಇಂಥವನ ಹೆಂಡತಿಗೆ ಮೊಣಕಾಲು ನೋವು ಬಂದರೆ ಏನಾಗಬೇಕೋ ಅದೇ ಆಯಿತು.

ನಮ್ಮೂರಿನ ಕಲ್ಲಿನ ಮನೆಗಳು ಬೇಸಿಗೆಯಲ್ಲಿ ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ಒಳಗಿದ್ದವರಿಗೆ ಹಂಚುತ್ತವೆ. ಅದಕ್ಕೇ ಹೊತ್ತು ಇಳಿದೊಡನೆ ಇಡೀ ಓಣಿ ಚಾಪೆ, ಕೊಡ, ಕೂಸುಗಳ ಸಮೇತ ಮನೆ ಮೇಲಿನ ಬಯಲು ಮಾಳಿಗೆ ಏರುತ್ತದೆ. ಆ ವರ್ಷ ನನ್ನ ಹೆಂಡತಿ ಶಾಂತಾ ಮೆಟ್ಟಿಲು ಹತ್ತಲಾರದೆ ಕೆಳಗೇ ಉಳಿದಳು. ಅವಳನ್ನು ಬಿಟ್ಟು ಹೋಗಲಾರದೆ ನಾನೂ ಉಳಿದೆ. ಮೇಲಿನಿಂದ ನಗು ಕೇಳಿದಾಗಲೆಲ್ಲ ಅವಳು ಗೋಡೆಗೆ ಮುಖ ತಿರುಗಿಸಿ ಮಲಗುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಡಾಕ್ಟರರು, "ಬಿಸಿನೀರಾಗ ಕುಂದ್ರಿಸ್ರಿ, ಕೈಕಾಲು ಆಡಿಸಲಿಕ್ಕ ಹೇಳ್ರಿ" ಎಂದರು.

ಆಗ ನಾನು ಪಕ್ಕದ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಸಾಹೇಬರೊಬ್ಬರ ಮಗಳಿಗೆ ಚಿತ್ರ ಕಲಿಸಲು ಹೋಗುತ್ತಿದ್ದೆ. ಅವರ ಬಂಗಲೆಯ ಹಿಂದೆ ಈಜುಕೊಳ, ಅದರ ಮಗ್ಗುಲಿಗೆ ಬಿಸಿನೀರಿನ ದುಂಡು ತೊಟ್ಟಿ. ಸಾಹೇಬರು ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಪೇಪರ್ ಓದುವುದನ್ನು ನೋಡಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಹಿತ್ತಲಲ್ಲೂ ಒಂದು ಗುಂಡಿ ಇತ್ತು. ಈ ಮನೆ ಕಟ್ಟುವಾಗ ನಮ್ಮಜ್ಜ ಕಲ್ಲನ್ನು ಅಲ್ಲಿಂದಲೇ ತೆಗೆಸಿದ್ದ. ಅಂದರೆ ಅರ್ಧ ಕೊಳವನ್ನು ಅಜ್ಜನೇ ತೋಡಿಟ್ಟು ಹೋಗಿದ್ದ.

ನಕ್ಷೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಶಾಂತಾ ಅದನ್ನು ನೋಡಿ, "ನಾ ಏನ್ ಎಮ್ಮಿ ಏನ್ರಿ, ಹೊಂಡದಾಗ ಕುಂದ್ರಲಿಕ್ಕ?" ಎಂದಳು. ಭಂಕೂರಿನಿಂದ ಬಂದ ಗೌಂಡಿ ಹಣಮಂತ ಗುಂಡಿಗೆ ಫರ್ಸಿ ಕಲ್ಲು ಹಾಸಿದ, ಮೂಲೆಯಲ್ಲಿ ತೊಟ್ಟಿ ಕಟ್ಟಿದ, ಬಚ್ಚಲಿನ ಹಂಡೆಯಿಂದ ಅದಕ್ಕೊಂದು ಪೈಪು ಎಳೆದ. ದಾರಿಹೋಕರು ಇಣುಕಬಾರದೆಂದು ಕಾಂಪೌಂಡನ್ನೂ ಎತ್ತರಿಸಿದ. "ಮಾಸ್ತರ್ರ, ಮ್ಯಾಲ ಏನರ ಮುಚ್ಚೋದು ಅದ ಏನ್ರಿ?" ಎಂದು ಕೇಳಿದ. "ಸಾಹೇಬರ ಕೊಳಕ್ಕ ಆಕಾಶನೇ ಛತ್ತು" ಎಂದೆ. ಅವನು ಒಮ್ಮೆ ಮೇಲೆ ನೋಡಿ, "ನೀವ್ ಹೇಳ್ದಂಗ್ರಿ" ಎಂದು ಕೆಲಸಕ್ಕೆ ತಿರುಗಿದ.

ಬಾವಿಯಿಂದ ಸೇದಿ ಸೇದಿ ಕೊಳ ತುಂಬಿಸಿದ ದಿನ ಸಂಜೆ ಶಾಂತಾ ಹಳೆ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತು, "ಮ್ಯಾಲ ನೋಡ್ರಿ" ಎಂದಳು. ನೋಡಿದೆ. ಸುತ್ತಲಿನ ಮಾಳಿಗೆಗಳ ತುಂಬ ಮಂದಿ. ಮೇಲಿನ ಅವರ ನಗು ನನಗೆ ದಿನಾ ಕೇಳಿಸುತ್ತಿತ್ತು. ಅವರಿಗೆ ಕಣ್ಣೂ ಇವೆಯೆಂಬುದು ಮಾತ್ರ ಹೊಳೆದಿರಲಿಲ್ಲ. ಪಕ್ಕದ ಮನೆಯ ಅಮೀನಾಬಿ ತಮ್ಮ ಮಾಳಿಗೆಯಿಂದ ಬಗ್ಗಿ, "ಇಳಿ ಶಾಂತಕ್ಕ, ನಾವೇನ್ ಹೊರಗಿನವ್ರಾ?" ಎಂದಳು. ಶಾಂತಾ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

"ನೀರ್ ದಂಡ ಮಾಡಬ್ಯಾಡ್ರಿ ಮಾಸ್ತರ್, ನೀವರ ಇಳೀರಿ" ಎಂದರು ಅಮೀನಾಬಿಯ ಗಂಡ ರಸೂಲ್ ಸಾಹೇಬರು. ಸಿಟ್ಟಿನಲ್ಲಿ ಬನಿಯನ್ ಚಡ್ಡಿಯಲ್ಲೇ ತೊಟ್ಟಿಗಿಳಿದೆ. ತಣ್ಣೀರು ಬೆರೆಸುವುದನ್ನು ಮರೆತಿದ್ದೆ. ಬೆಂದವನಂತೆ ಅಲ್ಲಿಂದ ಕೊಳಕ್ಕೆ ಹಾರಿದೆ. ಈಜು ಬರುವುದಿಲ್ಲ ಎಂಬುದು ಹಾರಿದ ಮೇಲೆ ನೆನಪಾಯಿತು. ನೀರು ಸೊಂಟದಷ್ಟೇ ಇದೆ ಎಂಬುದು ನೆನಪಾಗುವಷ್ಟರಲ್ಲಿ ಬೇಕಾದಷ್ಟು ಕುಡಿದಿದ್ದೆ. ಮಾಳಿಗೆಗಳು ನಕ್ಕವು. ಆ ನಗುವಿನಲ್ಲಿ ಒಂದು ನನಗೆ ಚೆನ್ನಾಗಿ ಗೊತ್ತಿದ್ದ ನಗು. ಕಣ್ಣೊರೆಸಿಕೊಂಡು ನೋಡಿದರೆ, ಹಿಡಿಯಲು ಕಂಬಿಯಿಲ್ಲದ ನಮ್ಮ ಕಡಿದಾದ ಮೆಟ್ಟಿಲು ಹತ್ತಿ, ಅಂಟಿಕೊಂಡಿರುವ ಪಕ್ಕದ ಮಾಳಿಗೆಗೆ ದಾಟಿ ಶಾಂತಾ ಅಮೀನಾಬಿಯ ಪಕ್ಕ ಕೂತಿದ್ದಾಳೆ.

"ಮೊಣಕಾಲು?" ಎಂದು ಕೂಗಿದೆ.

"ಸುಮ್ನಿರ್ರಿ, ನೋಡಲಿಕ್ಕ ಬಿಡ್ರಿ."

ನಾಚಿಕೆಯಾಗಬೇಕಿತ್ತು, ಭಾಳ ಸಂತೋಷವಾಯಿತು. ಅಂದಿನಿಂದ ಸಂಜೆಗೊಮ್ಮೆ ಅವಳು ಹತ್ತುತ್ತಾಳೆ, ನಾನು ಇಳಿಯುತ್ತೇನೆ. ಡಾಕ್ಟರರು ಅವಳ ಮೊಣಕಾಲು ಒತ್ತಿ ನೋಡಿ, "ಬಿಸಿನೀರು ಕೆಲಸ ಮಾಡ್ಯದ" ಎಂದರು. ನೀರಿಗೆ ಇಳಿದವರು ಯಾರೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊನ್ನೆ ಸಂಜೆ ದಣಿದು ಬಂದಿದ್ದೆ. ತೊಟ್ಟಿಯ ನೀರು ಹದವಾಗಿತ್ತು. ಕುತ್ತಿಗೆವರೆಗೆ ಮುಳುಗಿ, ಕಣ್ಣು ಮುಚ್ಚಿ, ಹುಟ್ಟಿದ ಮೇಲೆ ಮೊದಲ ಸಲ ಸುಮ್ಮನೆ ಕೂತೆ. ಮಾಳಿಗೆಯಿಂದ ಶಾಂತಾಳ ದನಿ ಬಂತು:

"ಹಂಗ ಸುಮ್ ಕುಂತ್ರ ನಾವೇನ್ ನೋಡಬೇಕ್ರಿ? ಕೈಕಾಲು ಆಡಿಸ್ರಿ."