ರಜೆ ಮೇಲೆ ಹೋದ ರೆಪ್ಪೆ

ಕಣ್ಣು ಕೊಟ್ಟೆಯಲ್ಲಪ್ಪಾ ಎಂದು ದೇವರಿಗೆ ಎಲ್ಲರೂ ಕೈ ಮುಗಿಯುತ್ತಾರೆ; ರೆಪ್ಪೆಗೆ ಮಾತ್ರ ಯಾರೂ ಒಂದು ಥ್ಯಾಂಕ್ಸ್ ಹೇಳುವುದಿಲ್ಲ. ನಾನೂ ಹೇಳಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಣ್ಣು ಮುಚ್ಚಿ ಪ್ರೇಯರ್ ಮಾಡಿ ಎಂದಾಗ, ಯಾರ್ಯಾರು ಮುಚ್ಚಿಲ್ಲ ಎಂದು ಒಂದು ಕಣ್ಣು ತೆರೆದು ನೋಡುತ್ತಿದ್ದೆ. ಅದಕ್ಕೆ ರೂಲರಿನ ಏಟು ತಿಂದದ್ದೂ ಉಂಟು. ಮಗಳು ಮದುವೆಗೆ ಬಂದ ವಯಸ್ಸಿನಲ್ಲಿ ಅದೇ ಕೆಲಸಕ್ಕೆ ನನಗೆ ಪರ್ಮನೆಂಟ್ ಪರ್ಮಿಷನ್ ಸಿಕ್ಕಿತು.

ಆದದ್ದಿಷ್ಟು. ನಮ್ಮ ಯಜಮಾನರು ಚಳ್ಳಕೆರೆಯಲ್ಲಿ ಕಂದಾಯದ ಶೇಕದಾರರಾಗಿದ್ದಾಗ ನನ್ನ ಎಡಗಿವಿಯ ಕೀವು ಹಿಂದಿನ ಎಲುಬಿಗೂ ಇಳಿಯಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಮುಖದ ನರದ ಬಗ್ಗೆ ಮಾತು ಕೊಡಲಾರೆ ಎಂದು ಆಸ್ಪತ್ರೆಯ ಬಿಳಿ ದೊರೆ ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು. ರಜೆ ಹಾಕಿ ಹೋದ ಮುಖದ ಎಡಭಾಗ ಮಾತ್ರ ಇವತ್ತಿಗೂ ಡ್ಯೂಟಿಗೆ ವಾಪಸಾಗಿಲ್ಲ. ರೆಪ್ಪೆ ಮುಚ್ಚದು, ಕಣ್ಣೀರು ಬಾರದು. ನಮ್ಮೂರಿನ ಗಾಳಿಯೋ, ದನ ಮೇಯುವ ಕಾವಲಿನ ಅರ್ಧ ಮಣ್ಣು ಹೊತ್ತುಕೊಂಡೇ ಬೀದಿಗೆ ಬರುವಂಥದ್ದು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಸಿಲಿಗಿಟ್ಟ ಹಪ್ಪಳ. ಶುದ್ಧ ಹರಳೆಣ್ಣೆ ತೊಟ್ಟು ಬಿಟ್ಟು ಬೆರಳಿನಿಂದ ರೆಪ್ಪೆ ಇಳಿಸಿ, ಮಲಗುವಾಗ ಬಟ್ಟೆಯ ಪಟ್ಟಿ ಕಟ್ಟಿ ಎಂದರು ಡಾಕ್ಟರು. ಆ ಡಿಪಾರ್ಟ್‌ಮೆಂಟು ಮಗಳು ಸರಸಿಯದು. ಅಂಗಡಿ ಬಾಗಿಲು ಹಾಕುವಷ್ಟು ಸಲೀಸಾಗಿ ನನ್ನ ಕಣ್ಣು ಮುಚ್ಚುತ್ತಿದ್ದಳು.

ಎಣ್ಣೆಯಿಂದ ಕಣ್ಣು ಒಣಗುವುದು ಕಡಿಮೆಯಾಯಿತು. ಮಾನ ಹೋಗುವುದು ಕಡಿಮೆಯಾಗಲಿಲ್ಲ. ಎಡಗಣ್ಣು ತೆರೆದೇ ಇರುವಾಗ ಬಲಗಣ್ಣೊಂದೇ ಮಿಟುಕಿದರೆ ಇಂಗ್ಲಿಷಿನಲ್ಲಿ ಅದಕ್ಕೆ ವಿಂಕ್ ಎನ್ನುತ್ತಾರೆ. ಚಳ್ಳಕೆರೆಯಲ್ಲಿ ಏನೆನ್ನುತ್ತಾರೆಂದು ಮನೆಗೆಲಸದ ತಿಪ್ಪಕ್ಕ ತಿಳಿಸಿದಳು: "ಅಮ್ಮಾರೇ, ನೀವು ಕಣ್ಣು ಹೊಡೀತೀರಂತ ಶಾನುಭೋಗರು ಈ ಬೀದೀನೇ ಬಿಟ್ಟವ್ರೆ. ಪೂಜಾರಪ್ಪ ಮಾತ್ರ ಬ್ಯಾಡ ಅಂದ್ರೂ ದಿನಾ ಪ್ರಸಾದ ತರ್ತಾನೆ."

ಇಂಥ ಹೊತ್ತಿನಲ್ಲಿ ಸರಸಿಯನ್ನು ನೋಡಲು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದವರು ಬರುತ್ತೇವೆಂದರು. ಹಿಂದಿನ ಸಂಬಂಧವೊಂದು ನನ್ನ ಮುಖ ನೋಡಿಯೇ ತಪ್ಪಿತ್ತು. ಇದೂ ತಪ್ಪಿದರೆ ಆ ಹುಡುಗಿಯ ಗತಿ? ಪಟ್ಟಿ ಕಟ್ಟಿಕೋ ಎಂದರು ಯಜಮಾನರು. ಶುಭಕಾರ್ಯಕ್ಕೆ ಒಕ್ಕಣ್ಣಿ ಎದುರಾದರೆ ಬೀಗರು ಗಾಡಿಯಿಂದಲೇ ಇಳಿಯಲಾರರು ಎಂದೆ ನಾನು. ಕಡೆಗೆ ಕಣ್ಣು ಮಿಟುಕಿಸುವುದೇ ಇಲ್ಲವೆಂದು ಸಂಕಲ್ಪ ಮಾಡಿ, ಗೂಬೆಯಂತೆ ಸ್ಟೇರ್ ಮಾಡುತ್ತ ಕೂತೆ.

ಬಂದರು, ಕೂತರು, ಉಪ್ಪಿಟ್ಟು ತಿಂದರು. ಹುಡುಗನ ತಂದೆ ನನ್ನತ್ತ ತಿರುಗಿ, "ಹುಡುಗಿ ಹಾಡ್ತಾಳೇನ್ರಿ?" ಎನ್ನುವುದಕ್ಕೂ ಬಾಗಿಲಿನಿಂದ ಗಾಳಿ ನುಗ್ಗುವುದಕ್ಕೂ ಸರಿಹೋಯಿತು. ಅಷ್ಟು ಹೊತ್ತು ತಡೆದಿದ್ದ ಬಲಗಣ್ಣು ಗಟ್ಟಿಯಾಗಿ ಮಿಟುಕಿತು. ಅವರು ಬೆಚ್ಚಿದರು. ಅತ್ತಿತ್ತ ನೋಡಿದರು. ಆಮೇಲೆ ಮೀಸೆ ನೀವಿಕೊಂಡು ತಾವೂ ಒಂದು ಕಣ್ಣು ಹೊಡೆದರು.

"ಏನ್ರೀ ಅದು?" ಎಂದರು ಅವರ ಹೆಂಡತಿ.

"ಏಮೀ ಲೇದು, ಏನಿಲ್ಲ. ಕಣ್ಣಾಗೆ ಧೂಳು ಬಿತ್ತು."

"ಇಷ್ಟು ವರ್ಸ ನನ್ನ ನೋಡುವಾಗ ಒಂದಿನಾನೂ ಬೀಳದ ಧೂಳು!" ಆಕೆ ಸೆರಗು ಕೊಡವಿ ಎದ್ದೇಬಿಟ್ಟರು. ನಮ್ಮ ಯಜಮಾನರು ಜಂತೆ ಎಣಿಸತೊಡಗಿದರು.

ಅಷ್ಟರಲ್ಲಿ, ತಲೆ ತಗ್ಗಿಸಿ ಕೂತಿರಬೇಕಾಗಿದ್ದ ಸರಸಿ ಎದ್ದು ಎಣ್ಣೆ ಬಟ್ಟಲು ತಂದಳು. "ಅವ್ವಾ, ಕಣ್ಣು ಒಣಗೈತೆ, ಮೇಲೆ ನೋಡು" ಎಂದು ತೊಟ್ಟು ಬಿಟ್ಟು, ರೆಪ್ಪೆ ಇಳಿಸಿ ಹಿಡಿದುಕೊಂಡೇ ಆಕೆಗೆ ಹೇಳಿದಳು: "ಆಪರೇಷನ್ ಆದಾಗಿಂದ ಈ ರೆಪ್ಪೆ ಆಡಲ್ರೀ ಅತ್ತೆ. ಅವ್ವ ಯಾರಿಗೂ ಕಣ್ಣು ಹೊಡೆಯಲ್ಲ. ಮಾವಾರು ಹೊಡೆದಿದ್ದು ಯಾಕೋ, ಅದು ನಂಗೆ ಗೊತ್ತಿಲ್ರಿ."

ಆಕೆ ಸರಸಿಯನ್ನು ನೋಡಿದರು, ಗಂಡನನ್ನು ನೋಡಿದರು, ಮತ್ತೆ ಕೂತರು. "ಈ ಹುಡುಗೀನೇ ಆಗ್ಲಿ. ಈ ಮನುಷ್ಯನ್ನ ನಾನೊಬ್ಬಳೇ ಕಾದು ಸಾಕಾಗೈತೆ."

ಮದುವೆಯಾಯಿತು. ಸರಸಿಯ ಗಾಡಿ ಹೊರಟಾಗ ನನ್ನ ಬಲಗಣ್ಣು ಕೋಡಿ ಬಿದ್ದ ಕೆರೆ, ಎಡಗಣ್ಣು ಬರಗಾಲ. "ಒಂದು ಕಣ್ಣು ಅಳ್ತೈತೆ, ಇನ್ನೊಂದು ಗಾಡಿಗೇರಿದ ಪಾತ್ರೆ ಎಣಿಸ್ತೈತೆ" ಎಂದು ತಿಪ್ಪಕ್ಕ ಊರಿಗೆಲ್ಲ ಕೇಳುವಂತೆ ಹೇಳಿದಳು. ಅವತ್ತಿನಿಂದ ಎಣ್ಣೆಯ ಚಾರ್ಜು ಯಜಮಾನರದು. ಅವರ ಬೆರಳಿಗೆ ಯಾವಾಗಲೂ ನಶ್ಯ; ಆ ಉರಿಗೆ ನನಗೆ ನೆನಪಾಗುವುದು ಮಗಳ ಬೆರಳು. ಬೀಗರು ಬಂದಾಗಲೆಲ್ಲ ಬೀಗಿತ್ತಿ ನನ್ನ ಬಲಕ್ಕೆ ತಾವು ಕೂತು, ಗಂಡನನ್ನು ಎಡಕ್ಕೆ ಕೂರಿಸುತ್ತಾರೆ. ಅದೇ ಸರಿ. ಆ ಕಡೆಯಿಂದ ನೋಡಿದರೆ ನಾನು ಬಹಳ ಗಂಭೀರ ಹೆಂಗಸು.