ಅರ್ಧ ತಿರುಗಿದ ನವಿಲಿನ ವಿಷಯವಾಗಿ

ಇವರ ಸನ್ನಿಧಿಗೆ:
ದೂರದ ಕಂಪ್ಯೂಟರನ್ನು ಹತ್ತಿರ ತೋರಿಸುವ ಸಾಫ್ಟ್‌ವೇರಿನ ಮಹನೀಯರು,
ತಮ್ಮ ಕಚೇರಿ ಯಾವ ಸಮುದ್ರದ ಆಚೆ ಇದೆಯೋ ಅಲ್ಲಿಗೆ.

ಬರೆದುಕೊಳ್ಳುವವಳು:
ಪದ್ಮಲತಾ, ಸೀರೆ ಡಿಸೈನ್ ಬರೆಯುವವಳು, ಹಿಂದೂಪುರ.

ಮಾನ್ಯರೇ,

ಮೊದಲಿಗೆ ನಮ್ಮ ಮನೆಯ ಎಲ್ಲರ ಪರವಾಗಿ ತಮಗೂ ತಮ್ಮ ಸರ್ವರುಗಳಿಗೂ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ನಮ್ಮ ಕರೆಂಟು ಮಾತ್ರ ಬಂದು ಹೋಗಿ ಮಾಡುತ್ತಿದೆ. ಈ ಪತ್ರದಲ್ಲಿ ಎಲ್ಲಿಯೂ ತಮ್ಮ ಹೆಸರನ್ನು ಬರೆದಿಲ್ಲವೆಂದು ಬೇಸರ ಮಾಡಿಕೊಳ್ಳಬಾರದು. ನಮ್ಮ ಅತ್ತೆ ಬನಶಂಕರಮ್ಮನವರು ಮದುವೆಯಾದಂದಿನಿಂದ ನಮ್ಮ ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ, ರೇಷನ್ ಅಂಗಡಿಯವನು ಕೇಳಿದರೂ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಾರೆ. ಮರ್ಯಾದೆ ಹೆಚ್ಚಾದ ಕಡೆ ಹೆಸರು ಬಾಯಿಗೆ ಬರುವುದಿಲ್ಲ, ಮತ್ತು ತಮ್ಮ ಮೇಲೆ ನನಗೀಗ ಅಷ್ಟೇ ಮರ್ಯಾದೆ ಇದೆ.

ನಮ್ಮದು ನೇಯ್ಗೆಯ ಮನೆ. ಹಿಂದೂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಬುಟ್ಟ, ಸೆರಗುಗಳನ್ನು ನಾನು ಬರೆಯುತ್ತೇನೆ. ನಮ್ಮ ಮಗ್ಗದ ಆದೆಪ್ಪನವರು ಬಂದು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ನೇಯುತ್ತಾರೆ. ನನ್ನ ತವರು ಕಲ್ಯಾಣದುರ್ಗ. ಅಲ್ಲಿ ನನ್ನ ತಂಗಿ ಅನಿತಾಳ ಮದುವೆ ಗೊತ್ತಾಗಿ, ನಾನು ಮುಂಚಿತವಾಗಿ ಹೋಗಿ ಕೂರಬೇಕಾಗಿ ಬಂತು. ಹೋದರೂ ಮನೆಯ ಕಂಪ್ಯೂಟರು ಕೈಗೆ ಸಿಗಬೇಕೆಂದು ದೂರದಿಂದ ನೋಡುವ ಸಾಫ್ಟ್‌ವೇರೊಂದನ್ನು ಆರಿಸಲು ಕುಳಿತೆ. ವರ ನೋಡುವುದಕ್ಕೆ ನಮ್ಮ ತಂದೆ ಇಷ್ಟು ಕಷ್ಟಪಟ್ಟಿರಲಿಲ್ಲ.

ಮೊದಲು ಬಂದವರು ತಾವು ಪೂರ್ತಿ ಉಚಿತವೆಂದು ಹೇಳಿಕೊಂಡು, ಒಳಗೆ ಬಂದು ಕುಳಿತ ಮೇಲೆ ಕ್ರೆಡಿಟ್ ಕಾರ್ಡ್ ಕೇಳಿದರು. ಎದ್ದು ಹೋಗಿರೆಂದು ಕಳಿಸಿದೆ. ಎರಡನೆಯವರು ಬಹಳ ಸಭ್ಯರು. ಅವರು ದೂರದ ಪರದೆಯನ್ನು ತೋರಿಸುತ್ತಿದ್ದರೇ ಹೊರತು ಮುಟ್ಟಲು ಬಿಡುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವುದನ್ನು ಕಿಟಕಿಯಾಚೆ ನಿಂತು ನೋಡುವಂಥ ಸೌಲಭ್ಯ. ಕೊನೆಗೆ ತಾವು ಬಂದಿರಿ. ನೋಡಬಹುದು, ಮುಟ್ಟಬಹುದು, ಮನೆ ಬಳಕೆಗೆ ಕಾಸಿಲ್ಲ, ಆ ಕಡೆ ಇರುವವರು ಪರದೆಯ ಮೇಲಿನ ಒಂಬತ್ತು ಅಂಕಿಯ ನಂಬರನ್ನು ಓದಿ ಹೇಳಿದರೆ ಸಾಕು ಎಂದಿರಿ. ಆ ಕಡೆ ಇರುವವರು ಯಾರೆಂದು ತಾವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಸಂಬಂಧ ಕುದುರಿತು.

ಆ ಕಡೆ ಇರುವವರು ನಮ್ಮ ಮಾವನವರು, ಕೇಶವಯ್ಯನವರು. ಪಕ್ಕದ ಬೀದಿಯ ವಿಜಯಕುಮಾರ್, ಯಾರೋ ಫೋನಿನಲ್ಲಿ ಕೇಳಿದರೆಂದು ನಂಬರೊಂದನ್ನು ಹೇಳಿ ಬ್ಯಾಂಕಿನ ಖಾತೆ ತೊಳೆದುಕೊಂಡ ಮೇಲೆ, ನಾನೇ ನಮ್ಮ ಮಾವನವರನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ್ದೆ. ಫೋನಿನಲ್ಲಿ ಯಾರು ಕೇಳಿದರೂ ನಂಬರು ಹೇಳಬಾರದು, ಪೊಲೀಸರೆಂದರೂ ಹೇಳಬಾರದು, ಈಗ ಕಳ್ಳರು ಮನೆಯವರ ದನಿಯನ್ನೇ ತಂದು ಮಾತಾಡುತ್ತಾರಂತೆ, ನನ್ನ ದನಿಯಲ್ಲಿ ಕೇಳಿದರೂ ಹೇಳಬಾರದು, ಅನುಮಾನ ಬಂದರೆ ಇಂಟರ್ನೆಟ್ಟಿನ ವೈರನ್ನು ಕಿತ್ತುಬಿಡಬೇಕು ಎಂದಿದ್ದೆ. ಅವರು ತಲೆಯಾಡಿಸಿದ್ದರು. ನಮ್ಮ ಮಾವನವರು ತಲೆಯಾಡಿಸಿದರೆ ಮುಗಿಯಿತು, ಆ ಮಾತು ಅವರೊಳಗೆ ಕಲ್ಲಾಗಿ ಕೂರುತ್ತದೆ.

ಈಗ ನವಿಲಿನ ವಿಷಯಕ್ಕೆ ಬರುತ್ತೇನೆ. ಅನಿತಾಳ ಮುಹೂರ್ತದ ಸೀರೆಯನ್ನು ನಾನೇ ಬರೆದಿದ್ದೆ. ತಾವು ದೊಡ್ಡ ಜಾಗದಲ್ಲಿರುವವರು, ತಮಗೆ ಇದು ಸಣ್ಣ ಮಾತೆನ್ನಿಸಬಹುದು; ಆದರೆ ಹುಟ್ಟಿದಾಗಿನಿಂದ ನಾನು ತೊಟ್ಟುಬಿಟ್ಟ ಲಂಗ, ನಾನು ಉಟ್ಟುಬಿಟ್ಟ ದಾವಣಿಯಲ್ಲೇ ದೊಡ್ಡವಳಾದ ನನ್ನ ತಂಗಿಗೆ ಅವಳದ್ದೇ ಎಂದು ಹುಟ್ಟುವ ಮೊದಲ ಸೀರೆ ಅದು. ಸೆರಗಿನಲ್ಲಿ ಒಂದು ಕಲಶ, ಕಲಶದ ಎರಡು ಬದಿಗೆ ಎರಡು ದೊಡ್ಡ ನವಿಲು, ಒಂದನ್ನೊಂದು ನೋಡುತ್ತಿರಬೇಕು. ಅಂಚಿನ ಹಕ್ಕಿಗಳು ಒಂದರ ಹಿಂದೆ ಒಂದು ಸಾಲಾಗಿ ನಡೆಯುತ್ತವೆ, ಅವನ್ನು ತಿರುಗಿಸುವ ಕೆಲಸವಿಲ್ಲ. ಅದೇ ಕೈ ಅಭ್ಯಾಸದಲ್ಲಿ ಸೆರಗಿನ ಎರಡನೆಯ ನವಿಲನ್ನೂ ತಿರುಗಿಸದೆ ಹಾಗೇ ಇಟ್ಟುಬಿಟ್ಟಿದ್ದೆ. ಕಲ್ಯಾಣದುರ್ಗದಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸಿದಾಗ ನಮ್ಮ ಸೋದರತ್ತೆ ಈರಕ್ಕ ಕನ್ನಡಕ ಏರಿಸಿಕೊಂಡು, “ಇದೇಮಿಟೇ ಪದ್ಮಾ, ಒಂದು ನೋಡ್ತಾ ನಿಂತೈತೆ, ಇನ್ನೊಂದು ಅಲಿಗಿ ಹೊಂಟೋಗ್ತಾ ಐತಲ್ಲೇ, ಮದುವೆ ದಿನಾನೇ ಮುನಿಸಾ?” ಎಂದರು. ಮನೆಯವರೆಲ್ಲ ನಕ್ಕರು. ಅನಿತಾ ನಗಲಿಲ್ಲ. ಫೋಟೋವನ್ನೊಮ್ಮೆ ನೋಡಿ, ಪರವಾಗಿಲ್ಲ ಬಿಡಕ್ಕಾ ಎಂದು ಒಳಗೆ ಹೋದಳು. ಅವಳು ಪರವಾಗಿಲ್ಲ ಎಂದರೆ ಏನರ್ಥವೆಂದು ನನಗೆ ಗೊತ್ತು. ಹಳೆಯ ಲಂಗ ಕೊಟ್ಟಾಗಲೆಲ್ಲ ಅವಳು ಅದನ್ನೇ ಹೇಳುತ್ತಿದ್ದಳು.

ಅದೇ ಮಧ್ಯಾಹ್ನ ಆದೆಪ್ಪನವರು ಬಂದು ಡಿಸೈನ್ ತೆಗೆದುಕೊಂಡು ಹೋಗುವವರಿದ್ದರು. ಆ ದಿನ ಮಗ್ಗಕ್ಕೆ ಏರದಿದ್ದರೆ ಮುಹೂರ್ತಕ್ಕೆ ಸೀರೆ ಇಳಿಯುವುದಿಲ್ಲ. ಬಸ್ಸು ಹತ್ತಿ ಹಿಂದೂಪುರ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನನ್ನ ಗಂಡ ಆನಂದಕುಮಾರ್ ಪೆನುಕೊಂಡದ ಕಡೆ ಕಾರ್ಖಾನೆಯ ಶಿಫ್ಟಿನಲ್ಲಿದ್ದರು, ಫೋನು ಸಿಗುವುದಿಲ್ಲ. ಇನ್ನು ಆದೆಪ್ಪನವರು, ಮಗ್ಗದ ಸದ್ದಿನಲ್ಲಿ ಅವರಿಗೆ ದೇವರು ಕರೆದರೂ ಕೇಳಿಸದು. ಆದ್ದರಿಂದ ಅನಿತಾಳ ಲ್ಯಾಪ್‌ಟಾಪಿನಲ್ಲಿ ತಮ್ಮನ್ನು ತೆರೆದು, ಮನೆಗೆ ಫೋನು ಹಚ್ಚಿ, ಮಾವಯ್ಯ, ಪರದೆಯ ಮೇಲಿರುವ ನಂಬರು ಹೇಳಿ ಎಂದೆ.

“ಹೇಳಲ್ಲ ಕಣಮ್ಮ,” ಎಂದರು ಮಾವನವರು, ಬಹಳ ಮರ್ಯಾದೆಯಿಂದ. ಕಳ್ಳರ ಜೊತೆಗೂ ಅವರು ಮರ್ಯಾದೆ ಬಿಡುವವರಲ್ಲ. ನಾನು ಪದ್ಮಲತಾ ಎಂದೆ. “ಅಂಗೇ ಅಂತಾರಂತೆ. ನಮ್ಮ ಸೊಸೆ ಹೇಳವ್ಳೆ, ಅವಳ ದನಿಯಾಗೇ ಬಂದ್ರೂ ನಂಬಬ್ಯಾಡಿ ಅಂತ,” ಎಂದರು. ಆ ಸೊಸೆಯೇ ನಾನೆಂದು ಗೋಗರೆದ ಮೇಲೆ ಒಂದು ಪರೀಕ್ಷೆ ಇಟ್ಟರು: ನಮ್ಮ ಮಗ್ಗಕ್ಕೆ ನೀನು ಮೊದಲು ಬರೆದ ಬುಟ್ಟ ಯಾವುದು? ಮಾವಿನಕಾಯಿ ಎಂದೆ. “ತಪ್ಪು. ಗಿಣಿ. ಕೊಕ್ಕು ಬಾಲದ ಕಡೆಗೆ ಬಂದ್ಬುಟ್ಟಿತ್ತು,” ಎಂದು ಫೋನಿಟ್ಟುಬಿಟ್ಟರು. ಮಾನ್ಯರೇ, ನಾನು ನಾನೇ ಎಂಬ ಪರೀಕ್ಷೆಯಲ್ಲಿ ನಾನು ನಪಾಸಾದೆ. ಗಿಣಿಯ ಸಂಗತಿಯನ್ನು ನಾನು ಎಂದೋ ಮರೆತು ಸುಖವಾಗಿದ್ದೆ, ಅವರು ಮರೆತಿರಲಿಲ್ಲ.

ಮತ್ತೆ ಫೋನು ಮಾಡಿದಾಗ ನನ್ನ ತಾಳ್ಮೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ದಾಟಿ ಹೋಗಿತ್ತು. “ಬೆಳಗಿಂದ ಒಂದು ತೊಟ್ಟು ಕಾಫಿ ಕುಡಿದಿಲ್ಲ, ಇಲ್ಲಿ ನನ್ನ ತಂಗಿ ಮುಖ ಬಾಡಿಸ್ಕೊಂಡು ಕೂತವ್ಳೆ, ನೀವು ಗಿಣಿ ಗಿಣಿ ಅಂತೀರ! ಬಂದ್ಮೇಲೆ ಆ ಕಂಪ್ಯೂಟರಿಗೂ ನಿಮಗೂ ಒಟ್ಟಿಗೇ ಮಂಗಳಾರತಿ ಎತ್ತೀನಿ, ನೋಡ್ತಾ ಇರಿ!” ಎಂದು ಕೂಗಿದೆ. ಮದುವೆ ಮನೆಯ ಹೆಂಗಸರೆಲ್ಲ ತಿರುಗಿ ನೋಡಿದರು. ಆ ಕಡೆಯಿಂದ ಅತ್ತೆಯ ದನಿ ಕೇಳಿಸಿತು: “ಹೇಳ್ಬುಡ್ರೀ ನಂಬರ್ನ. ಇದು ನಮ್ಮ ಪದ್ಮಾನೇ. ದನಿ ಕದೀಬೋದು, ಈ ಕೋಪ ಯಾವನ ಕೈಲಿ ಕದಿಯಕ್ಕಾಯ್ತದೆ?” ಮಾವನವರು ಒಂಬತ್ತು ಅಂಕಿಗಳನ್ನೂ ಒಂದೊಂದಾಗಿ, ಮಂತ್ರದಂತೆ ಹೇಳಿದರು.

ಇಲ್ಲಿ ತಮ್ಮನ್ನು ಹೊಗಳಲೇಬೇಕು. ನಮ್ಮ ಮನೆಯ ಕಂಪ್ಯೂಟರು ಕಲ್ಯಾಣದುರ್ಗದಲ್ಲಿ ನನ್ನ ಕಣ್ಣೆದುರಿಗೆ ಬಂತು. ಅತ್ತೆ ಪ್ರತಿ ಶುಕ್ರವಾರ ಅದರ ಹಣೆಗೆ ಇಡುವ ಕುಂಕುಮ ಮಾತ್ರ ಕಾಣಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೇವೆಂಬ ತಮ್ಮ ಜಾಹೀರಾತಿನಲ್ಲಿ ಈ ಒಂದು ತಿದ್ದುಪಡಿ ಆಗಬೇಕು. ನವಿಲನ್ನು ನಾನು ಗರಿ, ಮೈ, ಕೊರಳು ಎಂದು ಮೂರು ತುಂಡಾಗಿ ಬರೆದಿದ್ದೆ. ಮೊದಲು ಕೊರಳನ್ನು ತಿರುಗಿಸಿದೆ, ಹೆಗಲಿಗೆ ಕೂಡಿಸಿದೆ, ಕರೆಂಟಿನ ಭಯಕ್ಕೆ ಅಷ್ಟನ್ನೂ ಉಳಿಸಿದೆ. ಮೈ ತಿರುಗಿಸಲು ಕೈ ಹಾಕುತ್ತೇನೆ, ತಮ್ಮ ಸಂದೇಶ ಬಂತು: ತಾವು ಈ ಸೇವೆಯನ್ನು ವ್ಯಾಪಾರಕ್ಕೆ ಬಳಸುತ್ತಿರುವಂತೆ ನಮಗೆ ಅನುಮಾನವಾಗಿದೆ, ಆದ್ದರಿಂದ ಸಂಪರ್ಕ ಕಡಿಯಲಾಗಿದೆ.

ವ್ಯಾಪಾರ! ಮಾನ್ಯರೇ, ತಂಗಿಯ ಮದುವೆ ಸೀರೆಗೆ ಅಕ್ಕ ನವಿಲು ಬರೆದದ್ದರಲ್ಲಿ ತಮಗೆ ಯಾವ ಅಂಗಡಿ ಕಂಡಿತು? ಆ ಬೆಳಿಗ್ಗೆ ನನಗೆ ದಕ್ಕಿದ ಲಾಭವೆಂದರೆ ತಲೆನೋವು, ಅದನ್ನೂ ನಾನು ಯಾರಿಗೂ ಮಾರಿಲ್ಲ. ಆದರೂ ತಮ್ಮ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿದೆ. ಗಂಟೆಗಟ್ಟಲೆ ಸುಮ್ಮನೆ ಪರದೆ ನೋಡಿಕೊಂಡು ಕೂತವರನ್ನು ತಾವು ಬಿಡುತ್ತೀರಿ. ಯಾರಾದರೂ ಮನಸ್ಸಿಟ್ಟು ಕೆಲಸ ಮಾಡುತ್ತಿರುವುದು ಕಂಡರೆ ಮಾತ್ರ ತಕ್ಷಣ ಹಿಡಿಯುತ್ತೀರಿ.

ಮತ್ತೆ ಸೇರಿಕೊಳ್ಳೋಣವೆಂದರೆ ತಾವು ನಂಬರನ್ನೇ ಬದಲಾಯಿಸಿದ್ದಿರಿ. ಅದನ್ನು ಕೇಳಿದ್ದೇ ಮಾವನವರ ಅನುಮಾನ ಖಾತ್ರಿಯಾಯಿತು. “ಇನ್ನೂ ಈಗತಾನೆ ಹೇಳಿವ್ನಿ, ಮತ್ತೆ ಬ್ಯಾರೇದು ಕೇಳ್ತಾ ಅವ್ಳೆ ಅಂದ್ರೆ ಇದು ಆ ಕಳ್ಳರ್ದೇ ಕೆಲಸ,” ಎಂದು ಅತ್ತೆಗೆ ಹೇಳುವುದು ಕೇಳಿಸಿತು; ನಾನು ಕಲಿಸಿದ ಪಾಠದ ಕೊನೆಯ ಸಾಲನ್ನೂ ಮರೆಯದೆ ವೈರು ಕಿತ್ತರು, ಆಮೇಲೆ ನಾನು ಎಷ್ಟು ಸಲ ಮಾಡಿದರೂ ಫೋನೆತ್ತಲಿಲ್ಲ. ಅಷ್ಟರಲ್ಲಿ ಆದೆಪ್ಪನವರು ಬಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರಂತೆ. ಸಂಜೆ ಅವರು ಫೋನೆತ್ತಿದಾಗ ಸೆರಗು ಒಂದು ಗೇಣು ಇಳಿದಿತ್ತು. ಜರಿ ಕೂತ ಮೇಲೆ ಬಿಚ್ಚುವ ಮಾತಿಲ್ಲ. ಆ ರಾತ್ರಿ ಅನಿತಾಳಿಂದ ಈ ಸಂಗತಿಯನ್ನು ಮುಚ್ಚಿಟ್ಟೆ.

ಮದುವೆಯ ಹಿಂದಿನ ದಿನ ನನ್ನ ಗಂಡ ಸೀರೆ ತಂದರು. ಚಾಪೆಯ ಮೇಲೆ ಬಿಚ್ಚಿದೆವು. ಒಂದು ನವಿಲು ಕಲಶದ ಪಕ್ಕ ನಿಂತು ನೋಡುತ್ತಿದೆ. ಇನ್ನೊಂದರ ಮೈ ಹೊರಟು ನಿಂತಿದೆ, ಗರಿ ಹಿಂದೆ ಎಳೆದುಕೊಂಡಿದೆ, ಕೊರಳು ಮಾತ್ರ ಹಿಂತಿರುಗಿದೆ. ನಾನು ತಲೆ ತಗ್ಗಿಸಿ ಕೂತಿದ್ದೆ. ಈರಕ್ಕ ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, “ನಿಂತ್ಕಂಡು ನೋಡ್ತಿರೋದು ಅಕ್ಕ. ಗಂಡನ ಮನೆಗೆ ಹೋಗ್ತಾ ಹೋಗ್ತಾ ತಿರುಗಿ ನೋಡ್ತಿರೋದು ತಂಗಿ. ಎಂಗೆ ಬರೆದ್ಯೇ ಇದನ್ನ?” ಎಂದರು. ಅನಿತಾ ಸೆರಗನ್ನು ಮುಖಕ್ಕೆ ಹಿಡಿದುಕೊಂಡು ಅತ್ತಳು. ಹೊಸ ಸೀರೆಗೆ ಕಣ್ಣೀರು ತಾಗಿಸಬೇಡವೇ ಎಂದು ಬೈಯುತ್ತ ನಾನೂ ಅತ್ತೆ. ಈ ಸಲ ಅವಳು ಪರವಾಗಿಲ್ಲ ಎನ್ನಲಿಲ್ಲ.

ಹೇಗೆ ಬರೆದೆನೆಂದು ನಾನು ಈರಕ್ಕನಿಗೆ ಇಂದಿಗೂ ಹೇಳಿಲ್ಲ. ತಮಗೆ ಮಾತ್ರ ಹೇಳುತ್ತಿದ್ದೇನೆ, ಏಕೆಂದರೆ ಆ ನವಿಲಿನಲ್ಲಿ ಕೊರಳು ನನ್ನದು, ಉಳಿದದ್ದು ತಮ್ಮದು. ಧಾರೆಯ ದಿನವೇ ಹೆಂಗಸರು ಸೆರಗು ಹಿಡಿದು ನೋಡಿ ಅಂಥದ್ದೇ ಬೇಕೆಂದರು. ಈಗ ರೊದ್ದಂ, ಲೇಪಾಕ್ಷಿಯಿಂದೆಲ್ಲ ಕೇಳಿಕೊಂಡು ಬರುತ್ತಿದ್ದಾರೆ, ಆದೆಪ್ಪನವರ ಮಗ್ಗಕ್ಕೆ ಬಿಡುವಿಲ್ಲ. ಹೀಗೆ ವ್ಯಾಪಾರವಿಲ್ಲದ ಕಡೆ ವ್ಯಾಪಾರವನ್ನು ಅನುಮಾನಿಸಿ, ಆ ಅನುಮಾನದಿಂದಲೇ ವ್ಯಾಪಾರವನ್ನು ಹುಟ್ಟಿಸಿದ ತಮ್ಮ ದೂರದೃಷ್ಟಿಗೆ ಏನೆಂದು ವಂದಿಸಲಿ?

ಆದ್ದರಿಂದ ನನ್ನ ಬೇಡಿಕೆಗಳು ಬಹಳ ಕಡಿಮೆ. ಮುಂದಿನ ಆವೃತ್ತಿಯಲ್ಲಿ ಒಂಬತ್ತು ಅಂಕಿಗಳ ಬದಲು ಬೈಗುಳದಿಂದ ಬಾಗಿಲು ತೆರೆಯುವ ಏರ್ಪಾಡು ಮಾಡಬೇಕು, ಅದನ್ನು ಕದಿಯಲಾಗದೆಂದು ನಮ್ಮ ಅತ್ತೆ ಪ್ರಮಾಣ ಮಾಡಲು ಸಿದ್ಧರಿದ್ದಾರೆ. ಸಂಪರ್ಕ ಕಡಿಯುವ ಮುನ್ನ ಹಕ್ಕಿ ಯಾವ ಕಡೆ ನೋಡುತ್ತಿದೆ ಎಂದಾದರೂ ವಿಚಾರಿಸಬೇಕು. ಸಾಧ್ಯವಾದರೆ ಮೊದಲ ಗಿಣಿಯ ನೆನಪನ್ನು ನಮ್ಮ ಮಾವನವರ ತಲೆಯಿಂದ ದೂರದಲ್ಲಿದ್ದುಕೊಂಡೇ ಅಳಿಸಿಕೊಡಬೇಕು. ಇದೊಂದು ಕೆಲಸ ಮಾಡಿಕೊಟ್ಟರೆ ತಮ್ಮ ಹೆಸರನ್ನು ಬೇಕಾದರೆ ಬಾಯಿಬಿಟ್ಟು ಹೇಳುತ್ತೇನೆ.

ತಪ್ಪಿದ್ದಲ್ಲಿ ಮನ್ನಿಸುವ ಭಾರ ತಮ್ಮದು, ನೆನಪಿಟ್ಟುಕೊಳ್ಳುವ ಭಾರ ನನ್ನದು ಎನ್ನುತ್ತ,

ತಮ್ಮ ವಿಶ್ವಾಸಿ,
ಪದ್ಮಲತಾ

ಮರೆತ ಮಾತು: ವ್ಯಾಪಾರದ ಲೈಸೆನ್ಸ್ ಕೊಳ್ಳಿರೆಂದು ತಮ್ಮ ಪ್ರತಿನಿಧಿಯೊಬ್ಬರು ನಿನ್ನೆ ಮನೆಗೆ ಫೋನು ಮಾಡಿದ್ದರು. ಬಹಳ ಮೃದುವಾಗಿ ಮಾತಾಡಿದರಂತೆ. ನಾನು ಕೊಳ್ಳುವ ಮನಸ್ಸಿನಲ್ಲೇ ಇದ್ದೆ. ಆದರೆ ಫೋನೆತ್ತಿದವರು ಮಾವನವರು, ಮತ್ತು ತಮ್ಮವರು ಮೊಬೈಲಿಗೆ ಬಂದ ಒಂದು ನಂಬರನ್ನು ಓದಿ ಹೇಳಿರೆಂದು ಕೇಳಿಬಿಟ್ಟರು. “ಹೇಳನ ಬಿಡಪ್ಪ, ಅದಕ್ಕೇನಂತೆ. ಮೊದಲು ನಮ್ಮ ಸೊಸೆ ಬೈದಂಗೆ ಒಂದ್ಸಲ ಬೈಯಿ ನೋಡನ,” ಎಂದರಂತೆ ಮಾವನವರು. ತಮ್ಮವರಿಗೆ ಬೈಯಲು ಬರಲಿಲ್ಲ.