ಕಾಲಿನಿಂದ ಒತ್ತುವ ಸರಸ್ವತಿ

ಕೈಯಿಂದ ಆಗುವ ತಪ್ಪಿಗಿಂತ ಕಾಲಿನಿಂದ ಆಗುವ ತಪ್ಪು ದೊಡ್ಡದು ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಕೈ ತಪ್ಪಿದರೆ ಒಂದು ಲೋಟ ಒಡೆಯುತ್ತದೆ. ಕಾಲು ತಪ್ಪಿದರೆ ಸ್ಕೂಟರು ಎದುರು ಮನೆಯವರ ಗೇಟಿಗೆ ಹೋಗಿ ನಿಲ್ಲುತ್ತದೆ. ಕೈಗಾದರೆ ಕಣ್ಣಿನ ಕಾವಲಿದೆ. ಕಾಲು ಕೆಳಗೆಲ್ಲೋ ತನ್ನ ಪಾಡಿಗೆ ತಾನು ಇರುವ ಅಂಗ. ಅದು ಏನು ಮಾಡುತ್ತಿದೆ ಎಂಬುದು ಮಾಡಿಯಾದ ಮೇಲೆಯೇ ನಮಗೆ ತಿಳಿಯುವುದು. ಹೀಗೆ ಕಾಲನ್ನು ನಂಬದ ನಾನು, ಕಾಲಿನಿಂದಲೇ ಒತ್ತಬೇಕಾದ ವಸ್ತುಗಳನ್ನು ಹುಡುಕಿ ಹುಡುಕಿ ಮನೆ ತುಂಬಿಸಿಕೊಂಡಿದ್ದೇನೆ. ಇದನ್ನು ವಿಧಿ ಎನ್ನುವುದೋ ಹಟ ಎನ್ನುವುದೋ ಗೊತ್ತಿಲ್ಲ. ನನ್ನ ಹೆಂಡತಿ ಮಂಗಳ ಅದಕ್ಕೆ ಬೇರೆಯದೇ ಹೆಸರಿಟ್ಟಿದ್ದಾಳೆ. ಅದನ್ನು ಅಚ್ಚಿನಲ್ಲಿ ಹಾಕುವ ಹಾಗಿಲ್ಲ.

ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಹಗಲು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲುಗಳ ಮೇಲೆ ನೀರು ಸುರಿದು, ಒಳಗೆ ಸೋರುತ್ತದೆಯೇ ಎಂದು ಪರೀಕ್ಷಿಸುವ ಕೆಲಸ. ಸೋರದ ಬಾಗಿಲನ್ನೂ ಸಂಶಯದಿಂದಲೇ ನೋಡುವುದು ಆ ಕೆಲಸದ ಧರ್ಮ. ಆ ಸಂಶಯ ಸಂಜೆ ರಾಮನಗರಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನ್ನ ಜೊತೆಯೇ ಬರುತ್ತದೆ, ಇಳಿಯುವುದಿಲ್ಲ. ಮದುವೆ ಆರತಕ್ಷತೆ, ಗಣಪತಿ ಕೂರಿಸಿದ ಕಡೆ ಎಲ್ಲಾದರೂ ಕಾರ್ಯಕ್ರಮವಿದ್ದರೆ ನಾಗರಾಜಣ್ಣನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದು ನಿಲ್ಲುತ್ತೇನೆ. ಗಿಟಾರಿಗೂ ಸ್ಪೀಕರಿಗೂ ನಡುವೆ, ಕಾಲ ಬುಡದಲ್ಲಿ, ಸೋಪಿನ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಇವೇ ಪೆಡಲ್‌ಗಳು. ಒಂದನ್ನು ತುಳಿದರೆ ತಂತಿಯ ನಾದ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಇನ್ನೊಂದನ್ನು ತುಳಿದರೆ ಆಡಿದ್ದೇ ಆಡುವ ಮುದುಕರಂತೆ ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ. ಮತ್ತೊಂದು ಹಸಿ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತದೆ.

ಈ ತುಳಿಯುವ ವಿಷಯದಲ್ಲಿ ನಮ್ಮವ್ವನ ತಕರಾರು ಮೊದಲಿನಿಂದಲೂ ಇದೆ. "ಅಲ್ಲ ಕಣಪ್ಪ, ಬಾಯಲ್ಲಿ ಸರಸತಿ ಅಂತೀಯ, ಕಾಲಲ್ಲಿ ಒದೀತೀಯ. ಒಳ್ಳೇದಾದದೇನಪ್ಪ ಇದು?" ಎಂದು ಕೇಳುತ್ತಾಳೆ. ಆಯುಧಪೂಜೆಯ ದಿನ ಅವುಗಳನ್ನೆಲ್ಲ ಒರೆಸಿ, ಅರಿಶಿನ ಕುಂಕುಮವಿಟ್ಟು, ಒಂದೊಂದರ ಮೇಲೂ ಒಂದೊಂದು ಸೇವಂತಿಗೆ ಇಡುತ್ತಾಳೆ. ಮಾರನೆಯ ದಿನ ಅದೇ ಕುಂಕುಮದ ಮೇಲೆ ನಾನು ಪಾದವಿಡಬೇಕು. ಆದ್ದರಿಂದ ವೇದಿಕೆ ಹತ್ತಿದ ಕೂಡಲೇ ನಾನು ಬಗ್ಗಿ, ಪ್ರತಿಯೊಂದು ಪೆಡಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ನೋಡುವವರು ಇವನು ದೊಡ್ಡ ಕಲಾವಿದನಿರಬೇಕು ಎಂದುಕೊಳ್ಳುತ್ತಾರೆ. ಆ ಗೌರವ ಮೊದಲ ಹಾಡು ಮುಗಿಯುವವರೆಗೆ ಇರುತ್ತದೆ.

ಪೆಡಲ್ ಆರಿಸುವುದು ಗಂಡು ಹುಡುಕುವುದಕ್ಕಿಂತ ಕಷ್ಟ. ಗಂಡಿನ ವಿಷಯದಲ್ಲಿ ಜಾತಕ, ಸೋದರಮಾವ, ಪಕ್ಕದೂರಿನ ಪರಿಚಯಸ್ಥರು ಹೀಗೆ ನಾಲ್ಕು ಜನರ ಮೇಲೆ ತಪ್ಪು ಹೊರಿಸಬಹುದು. ಇಲ್ಲಿ ಎಲ್ಲ ನನ್ನದೇ. ಫೋನಿನ ವಿಡಿಯೋದಲ್ಲಿ ಒಬ್ಬ ಗಡ್ಡದವನು ಇದರಂಥದು ಜಗತ್ತಿನಲ್ಲಿಲ್ಲ ಎನ್ನುತ್ತಾನೆ; ಅದನ್ನು ನಂಬಿ ಹೂಂ ಎನ್ನುವಷ್ಟರಲ್ಲಿ ಗಡ್ಡವಿಲ್ಲದವನೊಬ್ಬ ಬಂದು ಅದು ಬರೀ ತಗಡು ಎನ್ನುತ್ತಾನೆ. ನಾನು ಇಬ್ಬರನ್ನೂ ನಂಬಿ ಎರಡನ್ನೂ ತರಿಸಿಕೊಳ್ಳುತ್ತೇನೆ. ಬಂದ ಮೇಲೆ ಯಾವುದು ಯಾವುದರ ಪಕ್ಕ ಇರಬೇಕು ಎಂಬ ಚಿಂತೆ. ಮದುವೆಯ ಪಂಕ್ತಿಯಲ್ಲಿ ಮಾತು ಬಿಟ್ಟ ದಾಯಾದಿಗಳನ್ನು ಅಕ್ಕಪಕ್ಕ ಕೂರಿಸಿದರೆ ಏನಾಗುತ್ತದೋ, ಹೊಂದದ ಎರಡು ಪೆಡಲ್‌ಗಳನ್ನು ಜೊತೆಗಿಟ್ಟರೂ ಅದೇ. ಒಂದು ಗುರುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಎರಡೂ ಒಟ್ಟಿಗೆ ಅಳುತ್ತವೆ.

ಒಂದು ಭಾನುವಾರ ಮಂಗಳ, ಬಟ್ಟೆ ಹರಿದಂತೆ ಸದ್ದು ಮಾಡುವ ನನ್ನ ಮೂರು ಪೆಡಲ್‌ಗಳನ್ನು ತೋರಿಸಿ, "ಈ ಮೂರೂ ಒಂದೇ ಥರ ಹರ್ಕಲು ಸೌಂಡೇ ಅಲ್ವಾ? ಮೂರ್ ಯಾಕೆ?" ಎಂದು ಕೇಳಿದಳು. ನನಗೆ ರೋಷ ಬಂತು. ಒಂದು ಹಸುವಿನ ಹಾಲಿಗೂ ಇನ್ನೊಂದು ಹಸುವಿನ ಹಾಲಿಗೂ ವ್ಯತ್ಯಾಸವಿಲ್ಲವೇ ಎಂದೆ. ಅವಳು ಸೋಲೂರಿನ ಕಡೆಯವಳು; ತೌರಿನಲ್ಲಿ ಹಸು ಕರೆದು ಬೆಳೆದವಳು. "ಐತೆ. ಕುಡುದ್ರೆ ಹೇಳ್ತೀನಿ. ನೀವು ಕೇಳಿ ಹೇಳಿ ನೋಡಾನ" ಎಂದು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು. ನಾನು ನುಡಿಸುವುದು, ಅವಳು ಹಿಂದಿನಿಂದ ತನಗೆ ಬೇಕಾದದ್ದನ್ನು ಒತ್ತುವುದು. ಮೊದಲನೆಯದಕ್ಕೆ ಕೆಂಪು ಪೆಡಲ್ ಎಂದೆ. ನೀಲಿಯದಾಗಿತ್ತು. ಎರಡನೆಯ ಸಲ ನೀಲಿ ಎಂದೆ. ಹಸಿರಾಗಿತ್ತು. ಕೊನೆಯದಕ್ಕೆ ಬಹಳ ಹೊತ್ತು ಕಣ್ಣು ಮುಚ್ಚಿ, ಇದರಲ್ಲೊಂದು ಕಾವಿದೆ, ಆಳವಿದೆ, ಇದು ಹಸಿರೇ ಎಂದೆ. ಅವಳು ಯಾವುದನ್ನೂ ಒತ್ತಿರಲಿಲ್ಲ. ನಕ್ಕಿದ್ದರೆ ಬೇಜಾರಾಗುತ್ತಿರಲಿಲ್ಲ, ಅವಳು ಪಾಪ ಎನ್ನುವಂತೆ ನೋಡಿ ಕಾಫಿ ತರಲು ಹೋದಳು. ಅಂದಿನಿಂದ ನನ್ನ ಕಿವಿಯ ಮೇಲೂ ನನಗೆ ಸಂಶಯ ಶುರುವಾಯಿತು.

ಇಂಥ ಸಮಯದಲ್ಲಿ ನಾಗರಾಜಣ್ಣ ಚಹದಂಗಡಿಯ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿದ. ಅವನು ಸುಮ್ಮನೆ ಹೆಗಲ ಮೇಲೆ ಕೈ ಹಾಕುವವನಲ್ಲ. "ಲೇ, ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಗಿಟಾರ್ ಬೇಕೇ ಬೇಕಾ ಅಂತ ಪಾರ್ಟಿಯೋರು ಕೇಳ್ತಾವ್ರೆ. ಕಿಟ್ಟಿ ಕೀಬೋರ್ಡಲ್ಲೇ ಗಿಟಾರೂ ಐತೆ, ಕೊಳಲೂ ಐತೆ, ನಾದಸ್ವರಾನೂ ಐತೆ. ಮಾಗಡಿ ಪ್ರೋಗ್ರಾಮ್ ಒಂದ್ ಆಗ್ಲಿ, ಆಮೇಕೆ ನೋಡಾನ" ಎಂದ. ನೋಡಾನ ಎಂಬ ಮಾತಿನಲ್ಲಿ ನೋಡುವುದು ಏನೂ ಇರುವುದಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಿಟ್ಟಿ ಒಳ್ಳೆಯ ಹುಡುಗ. ಒಂದು ಗುಂಡಿ ಒತ್ತಿದರೆ ನನ್ನ ಇಷ್ಟು ವರ್ಷದ ಅಭ್ಯಾಸ ಅವನ ಬೆರಳ ತುದಿಯಲ್ಲಿ ಹೊರಬರುತ್ತದೆ. ಅದರಲ್ಲಿ ಅಪಸ್ವರ ಕೂಡ ಇರುವುದಿಲ್ಲ.

ಅವತ್ತಿನಿಂದ ನನಗೆ ಊಟ ಸೇರದಾಯಿತು. ಕಾರ್ಖಾನೆಯಲ್ಲಿ ನೀರು ಸೋರುತ್ತಿದ್ದ ಒಂದು ಬಾಗಿಲನ್ನು ಸರಿಯಿದೆ ಎಂದು ಬಿಟ್ಟು, ಮತ್ತೆ ಓಡಿಹೋಗಿ ಹಿಡಿದೆ. ಕೀಬೋರ್ಡಿನಲ್ಲಿ ಇಲ್ಲದ ಸದ್ದು ಯಾವುದು ಎಂಬ ಒಂದೇ ಯೋಚನೆ. ಕೊನೆಗೆ ಗಡ್ಡದವನ ಮಾತು ಕೇಳಿ ಫಜ್ ಎಂಬ ಪೆಡಲನ್ನು ತರಿಸಿದೆ. ಅದು ಗಿಟಾರಿನ ನಾದವನ್ನು ಹೆಜ್ಜೇನಿನ ಗೂಡಿಗೆ ಕಲ್ಲು ಹೊಡೆದಂತೆ ಮಾಡುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಗೆಳೆಯನೊಬ್ಬ ಪೆಡಲ್‌ಗಳನ್ನೆಲ್ಲ ಜೋಡಿಸಲು ಒಂದು ಹಲಗೆ ಮಾಡಿಕೊಟ್ಟ. ಬರೀ ಮರ ಸಾಕು ಎಂದಿದ್ದೆ. ಅವನಿಗೆ ಮನಸ್ಸು ತಡೆಯದೆ ಕೆಂಪು ಹಳದಿ ಅರಗಿನ ಬಣ್ಣ ಹಾಕಿ ಮಿರಮಿರ ಮಿಂಚಿಸಿದ್ದ. ಅದರ ಮೇಲೆ ಪೆಡಲ್‌ಗಳು ಯಾರೋ ಪುಟ್ಟ ಮಗುವಿನ ಹುಟ್ಟುಹಬ್ಬಕ್ಕೆ ಬಂದಂತೆ ಕೂತವು.

ಮಾಗಡಿಯ ಕಲ್ಯಾಣಮಂಟಪದಲ್ಲಿ ಆರತಕ್ಷತೆ. ಹುಡುಗಿಯ ಅಪ್ಪ ತಿಮ್ಮೇಗೌಡರು ಕೆಂಪಾಪುರದ ಕಡೆ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುವವರು. ಬಂದ ನೆಂಟರಲ್ಲಿ ಮುಕ್ಕಾಲು ಪಾಲು ಗೂಡು ಬೆಳೆಯುವವರು. ಉಳಿದವರು ರಾಮನಗರದಿಂದ ಬಂದ, ಗೂಡು ಕೊಂಡು ನೂಲು ತೆಗೆಯುವ ಸಾಬರು. ವೇದಿಕೆಯ ಮೂಲೆಯಲ್ಲಿ ಕರೆಂಟಿನ ಪ್ಲಗ್ಗು ಇರಲಿಲ್ಲವಾದ್ದರಿಂದ ಮೈಕ್‌ಸೆಟ್ಟಿನವನು ನನ್ನನ್ನು ಸ್ಪೀಕರಿನಿಂದ ದೂರ ನಿಲ್ಲಿಸಿ, ಎಲ್ಲಿಂದಲೋ ಒಂದು ಉದ್ದನೆಯ ಹಳೆಯ ವೈರು ತಂದು ಗಿಟಾರಿಗೆ ಸಿಕ್ಕಿಸಿದ. ಕಿಟಕಿಯ ಸರಳಿಗೆ ಎರಡು ಸುತ್ತು ಸುತ್ತಿ ಬಂದಿದ್ದ ಆ ವೈರು ಎಲ್ಲಿ ಕೈಕೊಡುತ್ತದೋ ಎಂದು ನಾನು ಅದನ್ನೇ ನೋಡುತ್ತ ಮೊದಲ ಹಾಡುಗಳನ್ನು ಮುಗಿಸಿದೆ.

ಆಮೇಲೆ ನನ್ನ ಹಾಡು ಬಂತು. ಹಾಡಿನ ಮಧ್ಯೆ ಎಲ್ಲ ವಾದ್ಯಗಳೂ ಒಂದು ಕ್ಷಣ ನಿಲ್ಲಬೇಕು. ಆ ನಿಶ್ಶಬ್ದದಲ್ಲಿ ನಾನೊಬ್ಬನೇ ಫಜ್ ತುಳಿದು ಸಿಡಿಯಬೇಕು. ನಾಗರಾಜಣ್ಣ ಕಣ್ಣಲ್ಲೇ ಸನ್ನೆ ಮಾಡಿದ. ವಾದ್ಯಗಳು ನಿಂತವು. ನಾನು ಪೆಡಲ್ ತುಳಿದೆ. ಬೆರಳು ಇನ್ನೂ ತಂತಿಯ ಮೇಲೆ ಇಳಿದಿರಲಿಲ್ಲ. ಆದರೆ ಸ್ಪೀಕರಿನಿಂದ ಒಬ್ಬ ಗಂಡಸಿನ ಗಂಭೀರ ದನಿ ಬಂತು: "...ರಾಮನಗರ ರೇಷ್ಮೆಗೂಡು ಮಾರುಕಟ್ಟೆ. ಮಿಶ್ರತಳಿ ಗೂಡು, ಪ್ರತಿ ಕಿಲೋಗ್ರಾಂಗೆ, ಕನಿಷ್ಠ..."

ಇಂಥ ಪೆಡಲ್‌ಗಳು ಉದ್ದನೆಯ ವೈರು ಸಿಕ್ಕರೆ ಒಮ್ಮೊಮ್ಮೆ ಗಾಳಿಯಲ್ಲಿ ಹೋಗುವ ರೇಡಿಯೋವನ್ನು ಹಿಡಿದುಬಿಡುತ್ತವೆ ಎಂದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿನಲ್ಲಿ ನನಗೆ ತೋಚಿದ್ದು, ಅವ್ವ ಹೇಳುತ್ತಿದ್ದ ಸರಸ್ವತಿಯೇ ಮಾತಾಡುತ್ತಿದ್ದಾಳೆ, ಆದರೆ ಗಂಡುದನಿಯಲ್ಲಿ ಯಾಕೆ, ಎಂದು. ಪೆಡಲನ್ನು ಆರಿಸಲು ಕಾಲೆತ್ತಿದೆ. ಅಷ್ಟರಲ್ಲಿ ಊಟದ ಕಡೆ ಹೊರಟಿದ್ದ ಒಬ್ಬ ಹಿರಿಯರು ಬಾಗಿಲಲ್ಲೇ ನಿಂತು, "ಏಯ್, ಸುಮ್ಕಿರ್ರಲಾ! ರೇಟ್ ಹೇಳ್ತಾವ್ನೆ!" ಎಂದು ಗದರಿದರು. ಇಡೀ ಮಂಟಪ ಮೌನವಾಯಿತು. ಫೋಟೋಗೆ ನಿಂತಿದ್ದವರು ಹಾಗೇ ನಿಂತರು. ಎತ್ತಿದ್ದ ನನ್ನ ಕಾಲು ಗಾಬರಿಯಲ್ಲಿ ಫಜ್ಜನ್ನು ಬಿಟ್ಟು ಪಕ್ಕದ, ಆಡಿದ್ದೇ ಆಡುವ ಪೆಡಲಿನ ಮೇಲೆ ಬಿತ್ತು. "ಗರಿಷ್ಠ... ಗರಿಷ್ಠ... ಗರಿಷ್ಠ... ಗರಿಷ್ಠ..." ಎಂದು ದನಿ ಮಂಟಪವನ್ನೆಲ್ಲ ಸುತ್ತಿತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಮುಂದೆ ಕೂತಿದ್ದ ಸಾಬರೊಬ್ಬರು ಎದ್ದು, "ಅರೆ, ಒಸಿ ಜೋರಾಗಿ ಕೊಡಿ ಸ್ವಾಮಿ, ದ್ವಿತಳಿದು ಎಷ್ಟಂದ್ರು?" ಎಂದು ನನ್ನನ್ನೇ ಕೇಳಿದರು. ನನಗೆ ಬೇರೇನೂ ತೋಚದೆ ವಾಲ್ಯೂಮ್ ಹೆಚ್ಚಿಸಿದೆ. ಮಿಶ್ರತಳಿಗಿಂತ ದುಬಾರಿಯಾದ ಬಿಳಿ ಗೂಡು, ಆ ದ್ವಿತಳಿಯ ದರವೂ ಬಂತು. ಆಮೇಲೆ ಹವಾಮಾನ ಶುರುವಾದಾಗ ಧೈರ್ಯ ಮಾಡಿ ವೈರನ್ನೇ ಕಿತ್ತೆ.

ಚಪ್ಪಾಳೆ ಬಿತ್ತು. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಕೇಳಿರಲಿಲ್ಲ. ನಾಗರಾಜಣ್ಣ ಮೈಕನ್ನು ಕೈಯಿಂದ ಮುಚ್ಚಿ, "ಏನ್ಲಾ ಮಾಡ್ದೆ?" ಎಂದು ಹಲ್ಲು ಕಚ್ಚಿದ. ಅದೇ ಹೊತ್ತಿಗೆ ತಿಮ್ಮೇಗೌಡರು ಪಂಚೆ ಎತ್ತಿಕೊಂಡು ವೇದಿಕೆಯ ಮೆಟ್ಟಿಲು ಹತ್ತತೊಡಗಿದರು. ಮಗಳ ಆರತಕ್ಷತೆ ಕೆಟ್ಟಿತೆಂದು ಬಯ್ಯಲು ಬರುತ್ತಿದ್ದಾರೆ ಎಂದುಕೊಂಡು ನಾನು ಗಿಟಾರನ್ನು ಎದೆಗೆ ಅಡ್ಡ ಹಿಡಿದೆ. ಅವರು ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. "ಮನೇಲಿ ಗೂಡು ಬಿಡಿಸಿ ಮಡಗಿವ್ನಿ ಕಣಪ್ಪ. ನಾಳೆ ತಗಂಡೋಗಾದಾ, ಒಂದಿನ ತಡೀಲಾ ಅಂತ ಬೆಳಗಿಂದ ತಲೆ ಕೆಡ್ತಿತ್ತು. ತಡುದ್ರೆ ಚಿಟ್ಟೆ ತೂತ್ ಮಾಡ್ಕಂಡು ಬಂದ್ಬುಡ್ತದೆ. ಫೋನ್ ನೋಡಾನ ಅಂದ್ರೆ, ಮಗಳ ಮದ್ವೇಲಿ ಯಾಪಾರ ಮಾಡ್ತೀಯಾ ಅಂತ ನಮ್ಮವಳು ಕಿತ್ತು ಬ್ಯಾಗಲ್ಲಿ ಹಾಕ್ಕಂಡವ್ಳೆ. ನೀನೇ ಹೇಳ್ಬುಟ್ಟೆ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ಮಗಳಿಗಾಗಿಯೋ ಗೂಡಿಗಾಗಿಯೋ ಕೇಳುವ ಸಮಯ ಅದಲ್ಲ. ನಾನು "ಪರವಾಗಿಲ್ಲ ಗೌಡ್ರೆ" ಎಂದೆ, ದರ ನಿಗದಿ ಮಾಡಿದವನು ನಾನೇ ಎಂಬಂತೆ.

ಆಮೇಲೆ ಬೇರೆ ವೈರು ಹಾಕಿ ಅದೇ ಹಾಡನ್ನು ಮತ್ತೆ ನುಡಿಸಿದೆವು. ಹೆದರಿ ಹೆದರಿ ಇನ್ನು ಹೆದರಲು ಏನೂ ಉಳಿದಿರಲಿಲ್ಲವೋ ಏನೋ, ಅಂದು ನಾನು ನುಡಿಸಿದಷ್ಟು ಚೆನ್ನಾಗಿ ಎಂದೂ ನುಡಿಸಿಲ್ಲ. ಬೆರಳು ಹೇಳಿದಲ್ಲಿಗೆ ಹೋಯಿತು, ಕಾಲು ಕೂಡ. ಕಣ್ಣು ಬಿಟ್ಟು ನೋಡಿದರೆ ಒಬ್ಬರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಗುಂಪು ಗುಂಪಾಗಿ ನಿಂತು ಮಿಶ್ರತಳಿ ಯಾಕೆ ಇಳಿಯಿತು ಎಂದು ವಾದಿಸುತ್ತಿದ್ದರು.

ವ್ಯಾನಿಗೆ ಸಾಮಾನು ತುಂಬುವಾಗ ನಾಗರಾಜಣ್ಣ ಮತ್ತೆ ಹೆಗಲ ಮೇಲೆ ಕೈ ಹಾಕಿದ. "ಕಿಟ್ಟಿ ಕೀಬೋರ್ಡಲ್ಲಿ ಇಲ್ದಿರೋದು ಒಂದಾದ್ರೂ ನಿನ್ನತ್ರ ಐತೆ ಬುಡು. ಇರು ನೀನು" ಎಂದ. ಕಿಟ್ಟಿ ತನ್ನ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಕಷ್ಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಕಾರ್ಯಕ್ರಮ ಕನಕಪುರದಲ್ಲಿ. ಪಾರ್ಟಿಯವರು ನಾಗರಾಜಣ್ಣನ ಹತ್ತಿರ ಮೊದಲೇ ಮಾತು ತೆಗೆದುಕೊಂಡಿದ್ದರಂತೆ: ಗೂಡಿನ ರೇಟು ಹೇಳುವ ಗಿಟಾರ್‌ನವರು ಬರಲೇಬೇಕು. ಸಮಯ ನೋಡಿಕೊಂಡು ಹಾಡು ನಿಲ್ಲಿಸಿದೆವು. ನೆಂಟರೆಲ್ಲ ಕಿವಿಗೊಟ್ಟು ಕೂತರು. ನಾನು ಫಜ್ ತುಳಿದೆ. ಗೊರ್ರ್ ಎಂದಿತು, ಅಷ್ಟೇ. ಗುಂಡಿಗಳನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ವೈರನ್ನು ಬಟ್ಟೆ ಒಣಹಾಕುವ ಹಗ್ಗದ ಹಾಗೆ ವೇದಿಕೆಯ ಉದ್ದಕ್ಕೂ ಎಳೆದೆ. ಕಿಟಕಿಯ ಸರಳಿಗೂ ಸುತ್ತಿದೆ. ದುಡ್ಡು ಕೊಟ್ಟು ಕೊಂಡ ಫಜ್ ನಾದ ಶುದ್ಧವಾಗಿ, ಗಡ್ಡದವನು ಹೇಳಿದ ಹಾಗೆಯೇ ಬಂತು. ನೆಂಟರ ಮುಖ ಇಳಿಯಿತು. ಒಬ್ಬರು, "ಇವತ್ತು ರಜಾ ಇರ್ಬೇಕು ಬುಡಿ" ಎಂದು ನನಗೆ ಸಮಾಧಾನ ಹೇಳಿದರು.

ಮಾರನೆಯ ದಿನವೇ ಪೆಡಲ್ ಮಾರುವ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ಹುರುಪಿನಿಂದ, ಹೊಸದೊಂದು ಬಂದಿದೆ ಸರ್, ಒಂದು ಚೂರೂ ಗಲಾಟೆ ಇಲ್ಲ, ರೇಡಿಯೋ ಗೀಡಿಯೋ ಹಿಡಿಯುವ ಮಾತೇ ಇಲ್ಲ, ಗ್ಯಾರಂಟಿ ಎಂದ. ಅದು ಬೇಡ, ಹಿಡಿಯುವಂಥದ್ದು ಇದೆಯೇ ಎಂದೆ. ಅವನು ಹುಷಾರಾಗಿ, "ಸರ್, ನಿಮಗೆ ಎಂಥ ಟೋನ್ ಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?" ಎಂದು ಕೇಳಿದ. ಸಂಗೀತದ ವಿಷಯದಲ್ಲಿ ನನಗೆ ಏನು ಬೇಕು ಎಂದು ಒಂದಿಷ್ಟೂ ಸಂಶಯವಿಲ್ಲದೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು.

"ಗೊರಗೊರ ಎಷ್ಟಾದರೂ ಇರಲಿ. ದ್ವಿತಳಿ ಮಾತ್ರ ಸ್ಪಷ್ಟವಾಗಿ ಕೇಳಬೇಕು."